ಕಾಗದದ ತಡಿಕೆ

ನನ್ನ ಬಾಮೈದ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಅಂದ ಒಂದು ಮಾತನ್ನು ನಾನು ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ. ‘ನಮ್ಮಮ್ಮನ್ನ ರದ್ದಿ ಪೇಪರ್ ಹಿಂದೆ ಮಲಗಿಸಿದ್ದೀರಲ್ಲ ಭಾವ, ನಿಮಗೆ ಏನೂ ಅನ್ಸಲ್ವಾ?’ ನನ್ನೊಬ್ಬನನ್ನೇ ಕೇಳಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದೆನೇನೋ. ಮೆಟ್ಟಿಲ ಮೇಲೆ ಪಕ್ಕದ ಮನೆಯವರು ಬಕೆಟ್ ಹಿಡಿದು ನಿಂತಿದ್ದರು. ಕೆಳಗಿನಿಂದ ಮನೆ ಓನರು ಕತ್ತು ಉದ್ದ ಮಾಡಿದ್ದರು. ಅವರೆಲ್ಲ ಕೇಳಲಿ ಅಂತಲೇ ಅಂದ ಮಾತು ಅದು. ಈಗಲೂ ಅವನು ಫೋನ್ ಮಾಡಿದರೆ ‘ನಿಮ್ಮಕ್ಕನಿಗೆ ಕೊಡ್ತೀನಿ’ ಅಂದು ಫೋನನ್ನು ಹೆಂಡತಿಯ ಕೈಗೆ ದಾಟಿಸಿಬಿಡುತ್ತೇನೆ.

ಅವನ ವಿಷಯ ಆಮೇಲೆ ಬರುತ್ತದೆ, ಬಂದಷ್ಟೇ ಸಾಕು. ನಾನು ಬರೆಯಲು ಕೂತದ್ದು ಅವನ ತಾಯಿಯ ಬಗ್ಗೆ, ಅಂದರೆ ನನ್ನ ಅತ್ತೆಯ ಬಗ್ಗೆ.

ಅತ್ತೆ ಮುಕ್ಕಾಲು ಆಯಸ್ಸು ಕಾಗದದ ಚೀಲ ಅಂಟಿಸಿದವರು. ಒಂದು ಮರದ ಹಲಗೆ, ಹಳೆ ಪೇಪರಿನ ಕಟ್ಟು, ಪಾತ್ರೆಯಲ್ಲಿ ಕುದಿಸಿದ ಮೈದಾ ಅಂಟು, ಇಷ್ಟೇ ಅವರ ಕಾರ್ಖಾನೆ. ಅಂಗಡಿಯವರು ಆ ಚೀಲಗಳಲ್ಲಿ ಸಕ್ಕರೆಯಿಂದ ಹಿಡಿದು ಮೊಳೆಯವರೆಗೆ ಎಲ್ಲ ಕಟ್ಟಿಕೊಡುತ್ತಿದ್ದರು. ಗಂಡ ಬೇಗ ಹೋಗಿಬಿಟ್ಟಿದ್ದರು. ಆ ಚೀಲಗಳಲ್ಲೇ ಅತ್ತೆ ಇಬ್ಬರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದರು. ಆಮೇಲೆ ಪ್ಲಾಸ್ಟಿಕ್ ಬಂತು, ಕಾಗದದ ಚೀಲ ಕೇಳುವವರು ಇಲ್ಲವಾದರು. ಆದರೆ ಕೈಗೆ ಅದು ಗೊತ್ತಾಗಬೇಕಲ್ಲ. ಕೈ ತನ್ನ ಪಾಡಿಗೆ ಮಡಿಸುತ್ತಲೇ ಇತ್ತು. ಚೀಲ ಹೋಗಿ ಹೂದಾನಿ ಆಯಿತು, ಪೆನ್ನಿಡುವ ಡಬ್ಬ ಆಯಿತು, ಕನ್ನಡಿಯ ಸುತ್ತ ಬಳ್ಳಿ ಆಯಿತು. ನಮ್ಮ ಮನೆಗೆ ಬಂದಾಗ ಅವರ ಕೈಯಲ್ಲಿದ್ದದ್ದು ಒಂದು ಬಟ್ಟೆಯ ಗಂಟು ಮತ್ತು ಒಂದು ಸೈಕಲ್ ಕಡ್ಡಿ. ಪೇಪರನ್ನು ಆ ಕಡ್ಡಿಯ ಮೇಲೆ ಓರೆಯಾಗಿ ಸುತ್ತಿ, ತುದಿಗೆ ಅಂಟು ಸವರಿ, ಕಡ್ಡಿಯನ್ನು ಎಳೆದುಬಿಟ್ಟರೆ ಬೆತ್ತದಂಥ ಕೊಳವೆ ಉಳಿಯುತ್ತಿತ್ತು. ಒಂದು ಕೊಳವೆಯನ್ನು ಬೆರಳಿನಿಂದ ಬಗ್ಗಿಸಬಹುದು. ಹತ್ತು ಸೇರಿಸಿ ಹೆಣೆದರೆ ನನ್ನಂಥವನೂ ಬಗ್ಗಿಸಲಾರ.

ನನ್ನಂಥವನು ಅಂದರೆ ಗ್ಯಾರೇಜಿನಲ್ಲಿ ತಗಡಿನ ಕೆಲಸ ಮಾಡುವವನು. ಗುದ್ದಿಸಿಕೊಂಡು ಬಂದ ಗಾಡಿಗಳ ಡೊಂಕು ತೆಗೆಯುವುದು ನನ್ನ ಕಸುಬು. ನಾಲ್ಕನೇ ಕ್ಲಾಸಿಗೆ ಪುಸ್ತಕ ಮುಚ್ಚಿ ಸುತ್ತಿಗೆ ಹಿಡಿದವನು. ಆ ಸದ್ದಿನ ನಡುವೆ ಮಾತಾಡಿ ಮಾತಾಡಿ ಗಂಟಲು ಅದೇ ಅಳತೆಗೆ ಕೂತುಬಿಟ್ಟಿದೆ. ಸಾಲದ್ದಕ್ಕೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನೀರು ಕೊಡು ಅಂತ ಕೇಳಿದರೂ ಬೀದಿಯವರು ಜಗಳ ಅಂದುಕೊಳ್ಳುತ್ತಾರೆ. ನಿಜವಾದ ಜಗಳ ಆದಾಗ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಒಂದು ಕೋಣೆ, ಅದಕ್ಕೆ ಅಂಟಿಕೊಂಡು ಅಡುಗೆಮನೆ. ಆ ಒಂದು ಕೋಣೆಯಲ್ಲಿ ನಾನು, ಹೆಂಡತಿ, ಮಗಳು ಪುಟ್ಟಿ, ಜೊತೆಗೆ ಅತ್ತೆ. ನಾನು ದನಿ ಎತ್ತಿದೆ ಅಂದರೆ ಅತ್ತೆ ಎದ್ದು ತಮ್ಮ ಪೇಪರು, ಕಡ್ಡಿ ತೆಗೆದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಗಳು ಅಳಿಯ ಜಗಳ ಆಡುವಾಗ ಪಕ್ಕದಲ್ಲಿ ಕೂತು ಕೇಳುವುದು ಅವರಿಗೆ ಆಗುತ್ತಿರಲಿಲ್ಲ. ಚಳಿ ಇದ್ದರೂ ಅಷ್ಟೆ, ಮಳೆ ಇದ್ದರೂ ಅಷ್ಟೆ.

‘ಯಾಕಮ್ಮ ಇಲ್ಲಿ ಕೂತಿದ್ದೀರಿ?’ ಅಂತ ಓನರು ಕೇಳಿದರೆ, ‘ಗಾಳಿಗೆ’ ಅನ್ನುತ್ತಿದ್ದರು.

ಒಂದು ಭಾನುವಾರ ಹೆಂಡತಿ ನನ್ನ ಮುಂದೆ ಬಂದು ನಿಂತಳು. ಅಳಲಿಲ್ಲ, ಕೂಗಲಿಲ್ಲ. ‘ಅಮ್ಮ ಹೋಗ್ತೀನಿ ಅಂತಿದಾರೆ,’ ಅಂದಳು.

‘ಎಲ್ಲಿಗೆ?’

‘ಚೀಲ ಅಂಟಿಸ್ತಿದ್ರಲ್ಲ ಅವರ ಜೊತೆ ಒಬ್ಬರು, ಅವರ ಹತ್ರ. ಅವರಿಗೂ ಯಾರೂ ಇಲ್ಲವಂತೆ. ಇಲ್ಲಿ ಅಮ್ಮನಿಗೆ ಕೂರೋಕೆ ಒಂದು ಜಾಗ ಇಲ್ಲ ರೀ. ನೀವು ಕೂಗಾಡಿದಾಗೆಲ್ಲ ಅವರೇನು ಮೆಟ್ಟಿಲು ಕಾಯ್ಕೊಂಡು ಕೂತಿರ್ಬೇಕಾ?’

ಆ ಮಾತಿಗೂ ನಾನು ಕೂಗಾಡಿಯೇ ಉತ್ತರ ಕೊಟ್ಟೆ. ಕೂಗಾಡುತ್ತಾ ಕೂಗಾಡುತ್ತಾ ಅವಳು ಹೇಳಿದ್ದು ಸರಿ ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ಅತ್ತೆ ಮೆಟ್ಟಿಲ ಮೇಲೆ ಇದ್ದರು.

ತಗಡಿನವನಿಗೆ ಹೊಳೆಯುವುದು ತಗಡೇ. ಕೋಣೆಯ ಒಂದು ಮೂಲೆಗೆ ತಗಡಿನ ಅಡ್ಡಗೋಡೆ ನಿಲ್ಲಿಸಿ ಅತ್ತೆಗೆ ಒಂದು ಕೋಣೆ ಮಾಡಿಕೊಡೋಣ ಅಂತ ಓನರ ಹತ್ತಿರ ಹೋದೆ.

‘ಗೋಡೆಗೆ ಒಂದು ಮೊಳೆ ಹೊಡೆಯೋ ಹಾಗಿಲ್ಲ,’ ಅಂದರು ಅವರು.

‘ಗೋಡೆ ಮುಟ್ಟಲ್ಲ ಸಾರ್. ನೆಲದ ಮೇಲೆ ನಿಲ್ಲಿಸ್ತೀನಿ.’

‘ನೆಲ ಗೀಚುತ್ತೆ.’

‘ಕೆಳಗೆ ರಬ್ಬರ್ ಹಾಕ್ತೀನಿ.’

‘ನೀನು ಸುತ್ತಿಗೆ ಹಿಡ್ಕೊಂಡು ಮೆಟ್ಟಿಲು ಹತ್ತಿದ್ರೇ ನನ್ನ ಎದೆ ಹೊಡ್ಕೊಳ್ಳುತ್ತೆ ಕಣಪ್ಪ. ಬೇಡ ಅಂದ್ರೆ ಬೇಡ.’

ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಬಾಗಿಲು ಹಾಕಿಕೊಂಡರು. ನಾನು ಅವರ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಾ ಮೇಲೆ ಬಂದೆ. ಬಾಗಿಲ ಹತ್ತಿರ ಅತ್ತೆ ಮಗಳಿಗೆ ಏನೋ ಹೇಳುತ್ತಿದ್ದರು. ಆಗೆಲ್ಲ ಅವರು ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎರಡು ಮಾರು ದೂರದಲ್ಲಿ ಇದ್ದರೂ ಮಾತು ಮಗಳ ಮೂಲಕವೇ ಬರಬೇಕು.

‘ಅಳಿಯಂದ್ರಿಗೆ ಹೇಳಮ್ಮ, ಮೊಳೆ ಬೇಡ, ತಗಡೂ ಬೇಡ. ಪೇಪರ್ ತಂದುಕೊಟ್ರೆ ನಾನೇ ಒಂದು ತಡಿಕೆ ಹೆಣ್ಕೋತೀನಿ.’

‘ಎಷ್ಟು ಪೇಪರ್ ಬೇಕಂತೆ ಕೇಳು,’ ಅಂದೆ ನಾನೂ ಹೆಂಡತಿಯ ಕಡೆ ತಿರುಗಿ.

‘ತಡಿಕೆಯಷ್ಟು.’

ಪೇಪರಿಗೆ ನನ್ನ ಹತ್ತಿರ ಬರಗಾಲ ಇರಲಿಲ್ಲ. ಗ್ಯಾರೇಜಿನಲ್ಲಿ ಗಾಡಿಗೆ ಬಣ್ಣ ಹೊಡೆಯುವಾಗ ಗಾಜಿಗೆ, ಲೈಟಿಗೆ ಬಣ್ಣ ಹಾರಬಾರದು ಅಂತ ಹಳೆ ಪೇಪರ್ ಸುತ್ತುತ್ತಾರೆ. ಕೆಲಸ ಆದ ಮೇಲೆ ಕಿತ್ತು ಬಿಸಾಡುತ್ತಾರೆ. ನಮ್ಮ ಪೇಂಟರ್ ಬಿಸಾಡಿದ್ದನ್ನು ನಾನು ಗುಡ್ಡೆ ಹಾಕಿ ಕಟ್ಟತೊಡಗಿದೆ. ‘ಏನಣ್ಣ, ತಗಡು ಬಿಟ್ಟು ಪೇಪರ್ ಆಯೋಕೆ ಶುರು ಮಾಡಿದ್ಯಾ?’ ಅಂತ ಅವನು ಕೆಣಕಿದ. ಒಂದು ಬೈದೆ, ಸುಮ್ಮನಾದ.

ಹೀಗೆ ತಂದ ಪೇಪರಿನ ಅಂಚುಗಳಲ್ಲಿ ಬಣ್ಣ ಇರುತ್ತಿತ್ತು. ಕೆಂಪು, ಆಕಾಶ ನೀಲಿ, ಬೆಳ್ಳಿ, ಒಂದೊಂದು ಸಲ ಎರಡು ಬಣ್ಣ ಒಂದರ ಮೇಲೊಂದು ಹಾರಿ ಹೆಸರೇ ಇಲ್ಲದ ಬಣ್ಣ. ನನಗೆ ಅದು ಕಸ. ಅತ್ತೆ ಕಟ್ಟು ಬಿಚ್ಚಿದರು. ಒಂದು ಹಾಳೆ ತೆಗೆದು ಬೆಳಕಿಗೆ ಹಿಡಿದರು. ಬಣ್ಣದ ಅಂಚನ್ನೆಲ್ಲ ಹರಿದು ಒಂದು ಕಡೆ, ಬರೀ ಅಕ್ಷರದ ಭಾಗವನ್ನು ಇನ್ನೊಂದು ಕಡೆ ಇಟ್ಟರು. ಉದ್ದಕ್ಕೆ ಹರಿದರೆ ಗೆರೆ ಹೊಡೆದ ಹಾಗೆ ನೆಟ್ಟಗೆ ಬರುತ್ತಿತ್ತು. ನಾನೂ ಒಂದನ್ನು ಅಡ್ಡಕ್ಕೆ ಹರಿದೆ, ನಾಯಿ ಕಚ್ಚಿದ ಹಾಗೆ ಬಂತು. ಪುಟ್ಟಿ ನಕ್ಕಳು.

ಅಕ್ಷರದ ಪೇಪರ್ ಕೊಳವೆಗಳಾಗಿ ತಡಿಕೆಗೆ ಹೋಯಿತು. ಮೂರು ಅಗಲವಾದ ಹಲಗೆಗಳ ಹಾಗೆ ಹೆಣೆದು, ನಡುವೆ ಹಳೆ ಬಟ್ಟೆಯ ಪಟ್ಟಿ ಅಂಟಿಸಿ ಮಡಿಸಲು ಬರುವಂತೆ ಮಾಡಿದರು. ಡೊಂಕು ಡೊಂಕಾಗಿ ನಿಲ್ಲಿಸಿದರೆ ಮೊಳೆಯಿಲ್ಲದೆ ತಾನೇ ನಿಲ್ಲುತ್ತದೆ. ನಾನು ಆಯಸ್ಸೆಲ್ಲ ಡೊಂಕು ತೆಗೆದವನು, ಇವರು ಡೊಂಕಿನಿಂದಲೇ ನಿಲ್ಲಿಸಿದರಲ್ಲ ಅಂತ ಅನ್ನಿಸಿತು. ಬಣ್ಣದ ಅಂಚುಗಳು ಹೂವಾದವು, ಎಲೆಯಾದವು, ಮೇಲಿನ ಮೂಲೆಯಲ್ಲಿ ಜೋಡಿ ಹಕ್ಕಿಯಾದವು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ಬರಬಾರದು ಅಂತ. ಅಂಟು ಕುದಿಯುವಾಗ ಪುಟ್ಟಿ ಒಲೆಯ ಹತ್ತಿರ ಸುಳಿಯುವ ಹಾಗಿರಲಿಲ್ಲ.

ಆದರೆ ಒಂದು ಎಡವಟ್ಟಾಯಿತು. ಹೂವುಗಳನ್ನು ಅಂಟಿಸಿದ ಮಾರನೇ ದಿನ ಭಾನುವಾರ, ಮಧ್ಯಾಹ್ನ ನಾನು ತಡಿಕೆಯ ಪಕ್ಕ ಊಟಕ್ಕೆ ಕೂತಿದ್ದೆ. ತಟ್ಟೆಯೊಳಗೆ ಒಂದು ಕೆಂಪು ಎಸಳು ಬಿತ್ತು. ತೆಗೆದು ಪಕ್ಕಕ್ಕಿಟ್ಟೆ. ಇನ್ನೊಂದು ಬಿತ್ತು. ನೀರಿನ ಲೋಟಕ್ಕೆ ಒಂದು ನೀಲಿ. ನಾನು ತಲೆ ಎತ್ತಿ ನೋಡುವಷ್ಟರಲ್ಲಿ ಹಕ್ಕಿಯ ರೆಕ್ಕೆ ಬಂದು ನನ್ನ ಹೆಗಲ ಮೇಲೆ ಕೂತಿತು. ಬಣ್ಣದ ಮೇಲೆ ಮೈದಾ ಅಂಟು ಹಿಡಿಯುವುದಿಲ್ಲ. ಬಣ್ಣದ ನಡುವೆ ಇರುವ ನನಗೂ ಅದು ಗೊತ್ತಿರಬೇಕಿತ್ತು, ಅಂಟಿನಲ್ಲೇ ಬದುಕಿದ ಅವರಿಗೂ ಗೊತ್ತಿರಬೇಕಿತ್ತು. ಇಬ್ಬರಿಗೂ ಹೊಳೆದಿರಲಿಲ್ಲ.

ಅತ್ತೆ ಸೆರಗಿನಲ್ಲಿ ಎಸಳು ಆಯ್ದುಕೊಳ್ಳುತ್ತಾ ಕೂತರು. ಅವರ ಮುಖ ಸಣ್ಣದಾಗಿತ್ತು. ನಾನು ಕೂಗುತ್ತೇನೆ ಅಂತ ಹೆಂಡತಿ ಕಾಯುತ್ತಿದ್ದಳು. ನನಗೂ ಕೂಗಬೇಕು ಅನ್ನಿಸಿತ್ತು, ಆದರೆ ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕೈ ತೊಳೆದುಕೊಂಡು, ನನ್ನ ಕೆಲಸದ ಚೀಲದಿಂದ ಎಮರಿ ಪೇಪರ್ ತೆಗೆದೆ. ನಾವು ತಗಡಿಗೆ ಬಣ್ಣ ಹಿಡಿಯಬೇಕಾದರೆ ಮೊದಲು ಉಜ್ಜುತ್ತೇವೆ. ಎಸಳಿನ ಬುಡದಲ್ಲೂ ಅಷ್ಟಗಲ ಉಜ್ಜಿ ಬಣ್ಣ ತೆಗೆದರೆ ಅಂಟು ಹಿಡಿಯಬಹುದು ಅಂತ ನನ್ನ ಲೆಕ್ಕ. ಒಂದು ಎಸಳು ಹಿಡಿದು ಉಜ್ಜಿದೆ. ಹರಿದು ಹೋಯಿತು. ಇನ್ನೊಂದೂ ಹೋಯಿತು.

‘ಮೆಲ್ಲಗೆ ಉಜ್ಜಿ ಅಳಿಯಂದ್ರೆ. ಅದು ತಗಡಲ್ಲ.’

ಅತ್ತೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಬಹುಶಃ ಅದೇ. ನಾನು ಮೆಲ್ಲಗೆ ಉಜ್ಜಿದೆ. ಅವರು ಅಂಟಿಸಿದರು. ಆ ಭಾನುವಾರವೆಲ್ಲ ನಾನು ಉಜ್ಜುವುದು, ಅವರು ಅಂಟಿಸುವುದು. ಸಂಜೆ ಹೆಂಡತಿ ಟೀ ತಂದಿಟ್ಟು, ‘ಅಮ್ಮ, ನಿನಗೆ ಒಳ್ಳೆ ಕೂಲಿ ಸಿಕ್ಕಿದಾರೆ’ ಅಂದಳು. ಅತ್ತೆ ತಲೆ ಎತ್ತದೆ, ‘ಕೂಲಿ ಒಳ್ಳೇದೇ, ಬಾಯಿ ಜೋರು,’ ಅಂದರು.

ತಡಿಕೆ ನಿಂತಿತು. ಅದರ ಆಚೆ ಅತ್ತೆಯ ಹಾಸಿಗೆ, ಗಂಟು, ಅಂಟಿನ ಪಾತ್ರೆ. ಆ ಕಡೆಗೆ ಪುಟ್ಟಿ ಹೋಗುತ್ತಿದ್ದಳು, ಹೆಂಡತಿ ಹೋಗುತ್ತಿದ್ದಳು. ನಾನು ಹೋಗುತ್ತಿರಲಿಲ್ಲ. ಒಬ್ಬರಿಗೆ ಕೋಣೆ ಅಂತ ಕೊಟ್ಟ ಮೇಲೆ ಅದು ಅವರದು.

ಅದರ ನಿಜವಾದ ಗುಣ ಗೊತ್ತಾದದ್ದು ನಾನು ಮೊದಲ ಸಲ ದನಿ ಎತ್ತಿದಾಗ. ಯಾವುದೋ ಸ್ಪ್ಯಾನರ್ ಕಾಣೆಯಾಗಿತ್ತು. ‘ಎಲ್ಲಿಟ್ಟಿದ್ದೀಯೇ ಅದನ್ನ’ ಅಂತ ಕೂಗಿದೆ ನೋಡಿ, ತಡಿಕೆಯ ಮೇಲಿನ ಎಸಳುಗಳೆಲ್ಲ ಒಟ್ಟಿಗೆ ಸರ್ರನೆ ನಡುಗಿದವು. ಗಾಳಿ ಇಲ್ಲ, ಏನಿಲ್ಲ. ಜೋಡಿ ಹಕ್ಕಿ ರೆಕ್ಕೆ ಬಡಿದವು. ಕೋಣೆಯಲ್ಲಿ ಎಲ್ಲರೂ ಅದರ ಕಡೆ ನೋಡಿದೆವು.

‘ಅಪ್ಪ, ಗೋಡೆ ಹೆದರ್ಕೊಂತು,’ ಅಂದಳು ಪುಟ್ಟಿ.

ತಡಿಕೆಯ ಹಿಂದಿನಿಂದ ಅತ್ತೆ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಅವತ್ತಿನಿಂದ ನಾನು ಕಿಟಕಿಯ ಕಡೆ ಮುಖ ಮಾಡಿ ಕೂಗತೊಡಗಿದೆ. ಅದಕ್ಕೆ ಕೆಳಗಿನಿಂದ ಓನರು ಬಂದರು. ಹೀಗೆ ಎರಡೂ ಕಡೆಯಿಂದ ಇಕ್ಕಟ್ಟಾಗಿ ದನಿ ತಾನಾಗಿಯೇ ಇಳಿಯಿತು. ಕೋಪ ಇಳಿಯಲಿಲ್ಲ, ಅದಕ್ಕೆ ಯಾವ ತಡಿಕೆಯೂ ಇಲ್ಲ. ಆದರೆ ಮೆಲ್ಲಗೆ ಬೈಯುವುದರಲ್ಲಿ ಒಂದು ಕಷ್ಟ ಇದೆ. ನಾವು ಏನು ಅನ್ನುತ್ತಿದ್ದೇವೆ ಅಂತ ನಮಗೇ ಕೇಳಿಸುತ್ತದೆ. ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ. ಅತ್ತೆ ಮೆಟ್ಟಿಲ ಮೇಲೆ ಹೋಗಿ ಕೂರುವುದು ನಿಂತುಹೋಯಿತು. ಗೆಳತಿಯ ಮನೆಗೆ ಹೋಗುವ ಮಾತೂ ಮತ್ತೆ ಬರಲಿಲ್ಲ.

ಆಗಲೇ ಬಾಮೈದ ಬಂದದ್ದು. ಅವನು ಹೊಸ ಮನೆ ಮಾಡಿಕೊಂಡಿದ್ದ. ತಡಿಕೆ ನೋಡಿದ, ಅದರ ಸಂದಿನಲ್ಲಿ ತಾಯಿಯ ಹಾಸಿಗೆ ನೋಡಿದ, ಹೊರಗೆ ಬಂದು ಹೊಸ್ತಿಲಲ್ಲಿ ನಿಂತು ಆ ಮಾತು ಅಂದ. ‘ನಮ್ಮಮ್ಮನಿಗೆ ಬಾಗಿಲಿರೋ ರೂಮ್ ಇದೆ. ಫ್ಯಾನಿದೆ, ಮಂಚ ಇದೆ. ಕರ್ಕೊಂಡು ಹೋಗ್ತೀನಿ.’

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅನ್ನಬಹುದಿತ್ತು. ಆದರೆ ಅತ್ತೆ ನನ್ನ ಕಡೆ ನೋಡುತ್ತಿದ್ದರು. ಮಗ ಕರೆದಾಗ ಬರಲ್ಲ ಅಂತ ಯಾವ ತಾಯಿ ಹೇಳುತ್ತಾಳೆ? ಗಂಟು ಕಟ್ಟಿದರು. ಸೈಕಲ್ ಕಡ್ಡಿಯನ್ನು ಅದಕ್ಕೆ ಸಿಕ್ಕಿಸಿಕೊಂಡರು. ಪುಟ್ಟಿಯ ತಲೆ ಸವರಿ ಹೊರಟರು.

‘ನಾಳೆ ಇದನ್ನ ತೂಕಕ್ಕೆ ಹಾಕ್ತೀನಿ,’ ಅಂದೆ ನಾನು ತಡಿಕೆ ತೋರಿಸಿ.

‘ಹಾಕಿ, ನೋಡೋಣ,’ ಅಂದಳು ಹೆಂಡತಿ.

ನಾಳೆ ಹಾಕಲಿಲ್ಲ, ನಾಡಿದ್ದೂ ಹಾಕಲಿಲ್ಲ. ಅದರ ಹಿಂದೆ ಯಾರೂ ಇರಲಿಲ್ಲ, ಆದರೂ ಅದರ ಮುಂದೆ ಜೋರಾಗಿ ಮಾತಾಡಲು ನಾಲಿಗೆ ಬರುತ್ತಿರಲಿಲ್ಲ. ನಾನೇ ಒಂದು ದಿನ ಪುಟ್ಟಿಗೆ ‘ಮೆಲ್ಲಗೆ ಮಾತಾಡು, ಅಜ್ಜಿ ಮಲಗಿದಾರೆ’ ಅಂದುಬಿಟ್ಟೆ. ಹೆಂಡತಿ ಎದ್ದು ಒಲೆಯ ಕಡೆ ಹೋದಳು, ಅಲ್ಲಿ ಕೆಲಸ ಏನೂ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲು ತೆರೆದರೆ ಅತ್ತೆ. ಕೆಳಗೆ ಬೀದಿಯಲ್ಲಿ ಬಾಮೈದ ಗಾಡಿ ನಿಲ್ಲಿಸಿಕೊಂಡು ಬೇರೆ ಎಲ್ಲೋ ನೋಡುತ್ತಿದ್ದ. ಅತ್ತೆ ಒಳಗೆ ಬರಲಿಲ್ಲ. ಗಂಟು ಕೈಯಲ್ಲೇ ಇತ್ತು.

‘ಅಳಿಯಂದ್ರೆ, ತಡಿಕೆ ಇದೆಯಾ?’

‘ಇದೆ.’

‘ತೂಕಕ್ಕೆ ಹಾಕ್ತೀನಿ ಅಂದಿದ್ರಂತೆ.’

‘ಅಂದಿದ್ದೆ.’

‘ಮತ್ತೆ?’

‘ಗ್ಯಾರೇಜಲ್ಲಿ ಕೆಲಸ ಜಾಸ್ತಿ ಇತ್ತು. ಪುರುಸೊತ್ತಾಗಲಿಲ್ಲ.’

ಅತ್ತೆ ಒಳಗೆ ಬಂದರು. ತಡಿಕೆಯ ಮೇಲೆ ಕೈಯಾಡಿಸಿದರು, ಬಿಟ್ಟುಕೊಂಡಿದ್ದ ಒಂದು ಎಸಳನ್ನು ಒತ್ತಿದರು. ಹೆಂಡತಿ, ‘ಯಾಕಮ್ಮ, ಅಲ್ಲಿ ಏನಾದ್ರೂ ಅಂದ್ರಾ?’ ಅಂತ ಕೇಳಿದಳು.

‘ಏನೂ ಅನ್ನಲಿಲ್ಲ. ಮಗನೂ ಒಳ್ಳೇವ್ನು, ಸೊಸೆಯೂ ಒಳ್ಳೇವ್ಳು. ಹೊತ್ತುಹೊತ್ತಿಗೆ ಊಟ ತಂದಿಡ್ತಿದ್ಲು. ಬಾಗಿಲು ಹಾಕಿಬಿಟ್ರೆ ಒಂದು ಸೊಲ್ಲು ಕೇಳಿಸಲ್ಲ ಕಣೆ. ಮನೆಯಲ್ಲಿ ಜನ ಇದಾರೋ ಇಲ್ವೋ, ನಾನಾದ್ರೂ ಇದೀನೋ ಇಲ್ವೋ ಅಂತ ಗೊತ್ತಾಗ್ತಿರಲಿಲ್ಲ. ಇಲ್ಲಿ ಅಳಿಯಂದ್ರು ಹಲ್ಲು ಉಜ್ಜೋದೂ ಕೇಳಿಸುತ್ತೆ.’

ಅವತ್ತು ನಾನು ಗ್ಯಾರೇಜಿಗೆ ತಡವಾಗಿ ಹೋದೆ.

ಆಮೇಲೆ ಅವರು ಎಲ್ಲಿಗೂ ಹೋಗಲಿಲ್ಲ. ಪುಟ್ಟಿ ಉದ್ದವಾದಳು. ಅತ್ತೆ ಗಿಡ್ಡವಾದರು. ಪಕ್ಕದ ಮನೆಯವರು ಹೂದಾನಿ ಮಾಡಿಸಿಕೊಂಡರು. ಕೊನೆಗೆ ಓನರ ಮನೆಯ ಕನ್ನಡಿಗೂ ಒಂದು ಬಳ್ಳಿ ಹೋಯಿತು, ಅದನ್ನು ಅವರು ಮೊಳೆ ಹೊಡೆದೇ ನೇತುಹಾಕಿದರು.

ಒಂದು ಬೇಸಿಗೆಯಲ್ಲಿ ಅತ್ತೆಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಆಸ್ಪತ್ರೆಗೆ ಕರೆದೊಯ್ಯಲು ಅವರನ್ನು ಎತ್ತಿಕೊಂಡು ಮೆಟ್ಟಿಲಿಳಿಯಬೇಕಿತ್ತು. ಅದಕ್ಕೇ ನಾನು ಮೊದಲ ಸಲ ತಡಿಕೆಯ ಆ ಕಡೆಗೆ ಹೋದೆ. ಬಗ್ಗಿ ಅವರನ್ನು ಎತ್ತಲು ಹೋದವನು ಹಾಗೇ ನಿಂತೆ. ಆ ಕಡೆ ಒಂದು ಹೂವಿಲ್ಲ. ಒಂದು ಎಲೆಯಿಲ್ಲ. ಬರೀ ಬೂದು ಪೇಪರಿನ ಕೊಳವೆಗಳು, ಮೇಲೆ ಓರೆಯಾಗಿ ಓಡುವ ಹಳೆ ಅಕ್ಷರಗಳು. ಬಣ್ಣವೆಲ್ಲ ನಮ್ಮ ಕಡೆಗೇ ಇತ್ತು. ಅತ್ತೆ ಇಷ್ಟು ವರ್ಷ ಇದನ್ನು ನೋಡುತ್ತಾ ಮಲಗಿದ್ದರು.

‘ಏನತ್ತೆ ಇದು, ಈ ಕಡೆ ಏನೂ ಮಾಡ್ಕೊಂಡೇ ಇಲ್ಲ.’

‘ಈ ಕಡೆ ಇರೋಳು ನಾನೊಬ್ಬಳೇ ಅಲ್ವಾ,’ ಅಂದರು. ಅದರಲ್ಲಿ ನೋವೇನೂ ಇರಲಿಲ್ಲ. ಇದನ್ನೂ ಕೇಳುತ್ತಾರಾ ಅನ್ನುವಂತೆ ಇತ್ತು.

‘ಈ ಕಡೆ ನಾನು ಮಾಡ್ತೀನಿ. ಮೇಲಿಂದ ಕೆಳಗಿನ ತನಕ.’

ಅವರು ನನ್ನ ತೋಳಿನಲ್ಲಿ ಹಕ್ಕಿಯಷ್ಟು ಹಗುರವಾಗಿದ್ದರು. ಮೆಟ್ಟಿಲಿಳಿಯುವಾಗ, ‘ಮೆಲ್ಲಗೆ ಎತ್ಕೊಳ್ಳಿ, ನಾನೂ ತಗಡಲ್ಲ,’ ಅಂದರು.

ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಎದ್ದು ಓಡಾಡಲು ಆಗಲಿಲ್ಲ. ನಾನು ಸಂಜೆ ಕೈಕಾಲು ತೊಳೆದುಕೊಂಡು ಅವರ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಈಗ ಪೇಂಟರನಿಗೆ ಹೇಳಿ ಬೇಕಾದ ಬಣ್ಣದ ಪೇಪರನ್ನೇ ತರುತ್ತಿದ್ದೆ. ಅತ್ತೆ ಮಲಗಿದಲ್ಲಿಂದಲೇ ಹೇಳುವರು, ನಾನು ಮಡಿಸುವೆನು. ಉಜ್ಜುವುದು ನನಗೆ ಬರುತ್ತಿತ್ತು, ಹೂ ಮಡಿಸುವುದು ಬರುತ್ತಿರಲಿಲ್ಲ. ನನ್ನ ಬೆರಳಿಗೆ ಸಿಕ್ಕ ಎಸಳು ಎಸಳಾಗಿ ಉಳಿಯುತ್ತಿರಲಿಲ್ಲ.

‘ಅಪ್ಪ, ಇದು ಕೋಸಾ?’ ಅಂದಳು ಪುಟ್ಟಿ ನನ್ನ ಮೊದಲ ಹೂವು ನೋಡಿ.

‘ಸುಮ್ನಿರೇ,’ ಅಂದರು ಅತ್ತೆ. ‘ಇನ್ನೂ ಅರಳಿಲ್ಲ ಅಷ್ಟೆ.’

ಮಲಗಿದವರ ಕಣ್ಣಿನ ಮಟ್ಟಕ್ಕೆ ಮೊದಲ ಸಾಲು ಶುರು ಮಾಡಿದೆ. ದಿನಕ್ಕೊಂದು ಹೂವು ಆದರೆ ಹೆಚ್ಚು. ಕೆಲವು ದಿನ ಅತ್ತೆಗೆ ಮಾತಾಡುವ ಶಕ್ತಿ ಇರುತ್ತಿರಲಿಲ್ಲ, ಆಗ ನಾನೂ ಸುಮ್ಮನೆ ಕೂತು ಅಂಟು ಕಲಕುತ್ತಿದ್ದೆ. ಒಂದು ದಿನ ಆ ಸಾಲಿನ ಮೇಲೆ ಬೆರಳಿಟ್ಟು ನೋಡುತ್ತಾ ಕೇಳಿದರು, ‘ಪೂರ್ತಿ ಮಾಡ್ತೀನಿ ಅಂದಿದ್ರಿ ಅಲ್ವಾ?’

‘ಮಾಡ್ತೀನಿ ಅತ್ತೆ. ಕೈ ಈಗ ಕೂರ್ತಾ ಇದೆ.’

‘ಅವಸರ ಬೇಡ. ಬಾಕಿ ಇರಲಿ. ಸಾಲ ಇಟ್ಕೊಂಡಿರೋ ತನಕ ನೀವು ಜೋರು ಮಾಡೋ ಹಾಗಿಲ್ಲ.’

ಹೀಗೆ ಹೇಳಿ ನಕ್ಕರು, ನಗುವಿನಲ್ಲೇ ಕೆಮ್ಮು ಬಂತು. ಹೆಂಡತಿ ನೀರು ತಂದಳು. ಅದಾಗಿ ಹೆಚ್ಚು ದಿನ ಅವರು ಇರಲಿಲ್ಲ. ಮೊದಲ ಸಾಲೇ ಪೂರ್ತಿ ಆಗಿರಲಿಲ್ಲ.

ಈಗ ಆ ಕಡೆ ಪುಟ್ಟಿ ಮಲಗುತ್ತಾಳೆ. ‘ಉಳಿದಿದ್ದು ಮಾಡಿ ಅಪ್ಪ, ನಾನೂ ಸೇರ್ಕೋತೀನಿ,’ ಅಂತ ಅವಳು ಹೇಳುವುದುಂಟು. ಒಂದೆರಡು ಸಲ ಅಂಟು ಕುದಿಸಿ, ಪೇಪರ್ ಹರಡಿಕೊಂಡು ಕೂತೆ. ಈಗ ನನ್ನ ಎಸಳು ಹರಿಯುವುದಿಲ್ಲ, ಹೂವು ಹೂವಿನ ಹಾಗೇ ಬರುತ್ತದೆ. ಆದರೆ ಅಂಟಿಸಿದರೆ ಅದು ಮಗಳಿಗೆ ಮಾಡಿಕೊಟ್ಟದ್ದಾಗುತ್ತದೆ. ನಾನು ಮಾತು ಕೊಟ್ಟದ್ದು ಅತ್ತೆಗೆ. ಹೂವನ್ನು ಮಗಳ ಕೈಗೆ ಕೊಟ್ಟು ಎದ್ದೆ. ಅಂಟು ಪಾತ್ರೆಯಲ್ಲೇ ಒಣಗಿತು.